ಬಾಗಿಲು ತೆರೆದಿಟ್ಟವರು



ರಾತ್ರಿಯಾಗಿದೆ, ಮೈ ದಣಿದಿದೆ, ಕೈಯಲ್ಲಿ ಹಣವೂ ಇದೆ. ಆದರೂ ಮೈಬಣ್ಣ ಕಪ್ಪೆಂಬ ಒಂದೇ ಕಾರಣಕ್ಕೆ ಊರಿನ ಹೋಟೆಲುಗಳಲ್ಲಿ ಮಲಗಲು ಸ್ಥಳವಿಲ್ಲ. ಅಮೆರಿಕ ದೇಶದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರ ಪಾಡು ಬಹುಕಾಲ ಹೀಗಿತ್ತು. ಪ್ರಯಾಣ ಹೊರಟ ಕುಟುಂಬವು ಬುತ್ತಿ ಕಟ್ಟಿಕೊಂಡು, ಎಷ್ಟೋ ರಾತ್ರಿ ಕಾರಿನಲ್ಲೇ ಮಲಗಬೇಕಾಗುತ್ತಿತ್ತು. ಇಂಥವರಿಗೆ ಎಲ್ಲೆಲ್ಲಿ ತಂಗಲು ಸ್ಥಳ ಸಿಕ್ಕೀತೆಂದು ತಿಳಿಸಲು ನ್ಯೂಯಾರ್ಕಿನ ವಿಕ್ಟರ್ ಗ್ರೀನ್ ಎಂಬ ಅಂಚೆಪೇದೆ 1936ರಿಂದ ಒಂದು ಕೈಪಿಡಿಯನ್ನೇ ಅಚ್ಚು ಹಾಕಿಸಿದರು.

ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ ವಾಲ್ಟರ್ ಬೈಲಿ ಮತ್ತು ಲೋರಿ ಬೈಲಿ ಎಂಬ ಕಪ್ಪು ದಂಪತಿಗಳು 1945ರಲ್ಲಿ ಒಂದು ಸಣ್ಣ ಹೋಟೆಲನ್ನು ಕೊಂಡರು. ಹೆಂಡತಿಯ ಹೆಸರು ನೆನಪಾಗುವಂತೆ ಅದಕ್ಕೆ ಲೊರೇನ್ ಎಂದು ಹೆಸರಿಟ್ಟರು. ಕ್ರಮೇಣ ಕೋಣೆಗಳನ್ನು ಸೇರಿಸಿ, ಕಾರುಗಳು ಬಾಗಿಲ ತನಕ ಬರುವ ಮೋಟೆಲ್ ಮಾಡಿದರು. ರೇ ಚಾರ್ಲ್ಸ್, ಅರೆಥಾ ಫ್ರಾಂಕ್ಲಿನ್‌ರಂಥ ಹೆಸರಾಂತ ಗಾಯಕರೂ ಅಲ್ಲಿ ತಂಗಿದರು. ಹಾಡು ಕೇಳಿ ಚಪ್ಪಾಳೆ ತಟ್ಟುವ ಊರಿನಲ್ಲಿ ಹಾಸಿಗೆ ಕೊಡುವವರು ಇಂಥ ಕೆಲವರೇ ಆಗಿದ್ದರು.

1964ರ ಜುಲೈ 2ರಂದು ಹೋಟೆಲುಗಳಲ್ಲಿ ಬಣ್ಣಭೇದ ಮಾಡಬಾರದೆಂದು ಕಾನೂನಾಯಿತು. ಆದರೆ ಕೂಲಿಗಾರರ ಬದುಕು ಅಷ್ಟಕ್ಕೇ ಬದಲಾಗಲಿಲ್ಲ. 1968ರ ಫೆಬ್ರವರಿ 1ರಂದು ಮೆಂಫಿಸಿನಲ್ಲಿ ಮಳೆಗೆ ಕಸದ ಲಾರಿಯೊಳಗೆ ಆಸರೆ ಪಡೆದಿದ್ದ ಇಬ್ಬರು ಕಾರ್ಮಿಕರು ಕೆಟ್ಟ ಯಂತ್ರಕ್ಕೆ ಸಿಕ್ಕಿ ಸತ್ತರು. ಅವರ ಹೆಸರು ಎಕೋಲ್ ಕೋಲ್, ರಾಬರ್ಟ್ ವಾಕರ್. ಫೆಬ್ರವರಿ 12ರಂದು ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಅವರು ಹಿಡಿದ ಫಲಕದಲ್ಲಿದ್ದದ್ದು ಒಂದೇ ಮಾತು: ನಾನು ಮನುಷ್ಯ.

ಅವರ ಪಕ್ಕದಲ್ಲಿ ನಿಲ್ಲಲು ಸಭಾಪಾಲಕ ಮಾರ್ಟಿನ್ ಲೂಥರ್ ಕಿಂಗರು ಬಂದರು. ಲೊರೇನ್‌ನ 306ನೆಯ ಕೋಣೆಯಲ್ಲಿ ಇಳಿದುಕೊಂಡರು. ಏಪ್ರಿಲ್ 4ರ ಸಂಜೆ ಆ ಕೋಣೆಯ ಮುಂದಿನ ಮೊಗಸಾಲೆಯಲ್ಲೇ ಗುಂಡಿಗೆ ಬಲಿಯಾದರು. ಅದೇ ದಿನ ಲೋರಿ ಬೈಲಿಯವರಿಗೆ ಮಿದುಳಿನ ಆಘಾತವಾಯಿತು. ಏಪ್ರಿಲ್ 9ರಂದು, ಕಿಂಗರ ಶವಸಂಸ್ಕಾರದ ದಿನವೇ, ಆಕೆಯೂ ತೀರಿಕೊಂಡರು. ಏಪ್ರಿಲ್ 16ರಂದು ನಗರಾಡಳಿತವು ಸಂಘವನ್ನು ಒಪ್ಪಿಕೊಂಡು ಕೂಲಿ ಏರಿಸಲು ಸಮ್ಮತಿಸಿತು. ಅದನ್ನು ಕೇಳಲು ಆ ತಾಯಿ ಇರಲಿಲ್ಲ.

ವಾಲ್ಟರ್ ಬೈಲಿಯವರು 306ನೆಯ ಕೋಣೆಯನ್ನು ಮತ್ತೆಂದೂ ಬಾಡಿಗೆಗೆ ಕೊಡಲಿಲ್ಲ. ವ್ಯಾಪಾರ ಕುಗ್ಗಿ, ಸಾಲ ಏರಿ, 1982ರಲ್ಲಿ ಮೋಟೆಲ್ ಹರಾಜಿಗೆ ಬಂತು. ಆಗ ಅದನ್ನು ಉಳಿಸಲು ಹಣ ಕೂಡಿಸಿದವರಲ್ಲಿ ಕಾರ್ಮಿಕ ಸಂಘವೂ ಒಂದು. 1991ರಿಂದ ಅದು ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯವಾಗಿದೆ.

ಹೋರಾಟವೆಂದರೆ ನಮಗೆ ವೇದಿಕೆಯ ಮೇಲಿನ ಮಾತುಗಾರರು ನೆನಪಾಗುತ್ತಾರೆ. ಮಾಲೆಯೂ ಅವರಿಗೇ. ಬಂದವರಿಗೆ ಅನ್ನ ಬಡಿಸಿ, ಹಾಸಿಗೆ ಹಾಸಿ, ದೀಪ ಹಚ್ಚಿಟ್ಟು ಕಾದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಹೊರಗೆ ಅಟ್ಟಿಸಿಕೊಂಡವನಿಗೆ ಒಳಗೆ ಬಾ ಎನ್ನುವುದು, ನೀನು ಮನುಷ್ಯ ಎಂದು ಹೇಳಿದಂತೆಯೇ. ಬೈಲಿ ದಂಪತಿಗಳು ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಮಾತನ್ನು ದಿನವೂ ಕೈಯಾರೆ ಮಾಡಿ ತೋರಿಸಿದರು.

ಮುಂದಿನ ಸಲ ನಮ್ಮ ಕೂಟಕ್ಕೆ ದೂರದಿಂದ ಯಾರಾದರೂ ಬಂದು ನಮ್ಮ ಲೈನ್ ಮನೆಯೊಂದರಲ್ಲಿ ತಂಗಿದರೆ, ವಂದನಾರ್ಪಣೆಯಲ್ಲಿ ಆ ಮನೆಯ ತಾಯಿಯ ಹೆಸರನ್ನೂ ಹೇಳೋಣ. ಮೊದಲು ಹೇಳೋಣ.