ಬೂದಿಯಾಗುವ ಮುನ್ನ

ಸಾವಿನ ಮಾತನ್ನು ಮನೆಯಲ್ಲಿ ಎತ್ತಬಾರದೆಂಬುದು ನಮ್ಮಲ್ಲಿ ಬಹುಕಾಲದ ರೂಢಿ. ಮಕ್ಕಳು ಆ ಶಬ್ದವನ್ನು ನುಡಿದರೆ ಹಿರಿಯರು ‘ಬಿಡ್ತು ಅನ್ನು’ ಎಂದು ಗದರಿಸುವರು. ಆದರೆ ಮಾತೆತ್ತದಿದ್ದ ಮಾತ್ರಕ್ಕೆ ಸಾವು ಬಾರದೆ ನಿಲ್ಲುವದಿಲ್ಲ. ಆದುದರಿಂದ ಅದನ್ನು ಅಂಜಿಕೆಯಿಲ್ಲದೆ ನುಡಿದ ಹಾಡೊಂದನ್ನು ಈ ತಿಂಗಳು ನಮ್ಮ ವಾಚಕರಿಗೆ ನೆನಪಿಸುವೆವು.

ಅಂಕೋಲೆಯ ದಿನಕರ ದೇಸಾಯಿಯವರು (1909–1982) ಚುಟುಕಗಳಿಂದ ಕನ್ನಡಿಗರಿಗೆಲ್ಲ ಪರಿಚಿತರು. ‘ನನ್ನ ದೇಹದ ಬೂದಿ’ ಎಂಬ ಅವರ ಹಾಡು ಮೂರು ಸರಳವಾದ ಬಯಕೆಗಳನ್ನು ಹೇಳುವದು. ಆ ಬೂದಿಯು ಗದ್ದೆಗೆ ಬಿದ್ದು ಭತ್ತಕ್ಕೆ ಗೊಬ್ಬರವಾಗಬೇಕು. ಹೊಳೆಗೆ ಸೇರಿ ಮೀನಿಗೆ ಆಹಾರವಾಗಬೇಕು. ಕೊಳದ ಕೆಸರಿನಲ್ಲಿ ಕೂಡಿ ತಾವರೆಯನ್ನು ಅರಳಿಸಬೇಕು. ಅನ್ನ, ಮೀನು, ಹೂವು! ಕರಾವಳಿಯ ಬಡವನ ಬಾಳೆಲ್ಲವೂ ಈ ಮೂರರಲ್ಲಿ ಅಡಗಿರುವದು.

ಇದು ಲೋಕವನ್ನು ಹಳಿಯುವ ವೈರಾಗ್ಯವಲ್ಲ. ನೆರೆಯ ಕಾರವಾರದಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರಲ್ಲಿ ತಂಗಿದ್ದಾಗ, ತರುಣ ರವೀಂದ್ರನಾಥ ಠಾಕೂರರು ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. ಅದು 1884ರಲ್ಲಿ ಪ್ರಕಟವಾಯಿತು. ಜಗತ್ತಿನ ಮೋಹವನ್ನೆಲ್ಲ ಹರಿದುಕೊಂಡೆನೆಂದು ಬೀಗಿದ ಸಂನ್ಯಾಸಿಯನ್ನು ಅದರಲ್ಲಿ ಅನಾಥ ಬಾಲೆಯೊಬ್ಬಳ ಮಮತೆಯು ಮರಳಿ ಜಗತ್ತಿಗೆ ಎಳೆತರುವದು. ಅಳಿದುಹೋಗುವ ಈ ಬಾಳಿನಲ್ಲಿಯೇ ಧನ್ಯತೆಯನ್ನು ಕಾಣಬೇಕೆಂಬುದು ಎರಡೂ ಕೃತಿಗಳ ಹುರುಳು.

ದೇಹವು ಅಳಿದ ಬಳಿಕವಾದರೂ ಸೇವೆಗೆ ಸಲ್ಲಲೆಂದು ಹಾಡಿದ ಕವಿಯು ಸೇವೆಯನ್ನು ಅಲ್ಲಿಯ ತನಕ ಮುಂದೂಡಲಿಲ್ಲವೆಂಬುದೇ ಗಮನಿಸತಕ್ಕ ಸಂಗತಿ. ಅವರು ಜಿಲ್ಲೆಯ ಗೇಣಿ ರೈತರನ್ನು ಒಗ್ಗೂಡಿಸಿದರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಹಳ್ಳಿಗಾಡಿಗೆ ವಿದ್ಯೆಯನ್ನು ಒಯ್ದರು. 1966ರಲ್ಲಿ ಆ ಸಂಸ್ಥೆಯಿಂದಲೇ ಅಂಕೋಲೆಗೆ ಗೋಖಲೆ ಶತಾಬ್ದಿ ಮಹಾವಿದ್ಯಾಲಯವು ಬಂದಿತು. ಭತ್ತದ ತೆನೆಗೆ ಬೂದಿಯು ಸಾಕಾದೀತು. ರೈತನ ಮಗುವಿಗೆ ಅಕ್ಷರ ಕಲಿಸುವದಕ್ಕೆ ಬದುಕಿರುವವರ ಕೈಯೇ ಬೇಕು.

ಗೃಹಸ್ಥರಾದ ನಮಗೆ ಇದರಲ್ಲಿ ಎರಡು ಪಾಠಗಳಿರುವವು. ಕೊಡಬೇಕೆಂದು ಮನಸ್ಸಿನಲ್ಲಿರುವದನ್ನು, ಅದು ಹಣವಾಗಲಿ ವಿದ್ಯೆಯಾಗಲಿ ಒಂದು ಒಳ್ಳೆಯ ಮಾತಾಗಲಿ, ಮೈಯಲ್ಲಿ ಕಸುವಿರುವಾಗಲೇ ಕೊಡತಕ್ಕದ್ದು. ಇನ್ನು ದೇಹದ ವಿಷಯದಲ್ಲಿ ನಮ್ಮ ಇಚ್ಛೆಯೇನೆಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿಡತಕ್ಕದ್ದು. ಬೂದಿಯಾಗುವ ಮುನ್ನ ಈ ದೇಹವು ಮತ್ತೊಂದು ಸೇವೆಯನ್ನೂ ಸಲ್ಲಿಸಬಲ್ಲದು. ಮರಣವಾದ ಸುಮಾರು 6 ಗಂಟೆಗಳೊಳಗೆ ಕಣ್ಣುಗಳನ್ನು ದಾನವಾಗಿ ತೆಗೆದುಕೊಂಡರೆ, ಕಾರ್ನಿಯಾ ಎಂಬ ಮುಂಪೊರೆಯು ಕೆಟ್ಟು ಕುರುಡಾದ ಇಬ್ಬರಿಗೆ ದೃಷ್ಟಿಯು ಬರಬಹುದು. ಆದರೆ ಅಳುವ ಮನೆಯಲ್ಲಿ ಆ ಆರು ಗಂಟೆಗಳು ಅರಿವಿಲ್ಲದೆ ಕಳೆದುಹೋಗುವವು. ಹಿಂದೆಂದಾದರೂ ಒಂದು ಸಂಜೆ, ಎಲ್ಲರೂ ಸುಖವಾಗಿ ಕೂಡಿದ್ದಾಗ, ಯಜಮಾನನೋ ಯಜಮಾನಿಯೋ ಬಾಯಿಬಿಟ್ಟು ಹೇಳಿದ್ದರೆ ಮಾತ್ರ ಯಾರಿಗಾದರೂ ಆ ಮಾತು ನೆನಪಾದೀತು.

ಅಂಥ ಸಂಜೆಯೊಂದನ್ನು ವಾಚಕರು ಈ ತಿಂಗಳಲ್ಲಿಯೇ ಒದಗಿಸಿಕೊಳ್ಳಲೆಂದು ನಮ್ಮ ಬಿನ್ನಹ. ಮೊದಲಿಗೆ ಹಾಡನ್ನು ಓದಿರಿ. ಮಾತು ತಾನಾಗಿ ಬರುವದು.