ವೈದ್ಯೋಪಕರಣ ಮಾಡುವ ಹುಡುಗರಿಗೆ ಕಾಲಾವಕಾಶ ಬೇಕು



ಕಳೆದ ದೀಪಾವಳಿಯ ಮರುದಿನ ಕೊರಟಗೆರೆ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯೊಡನೆ ನಮ್ಮ ಮನೆಗೆ ಬಂದಿದ್ದ. ಎಂ.ಟೆಕ್. ಮುಗಿಸಿ ಬೆಂಗಳೂರಿನಲ್ಲಿ ವೈದ್ಯಕೀಯ ಉಪಕರಣ ತಯಾರಿಕೆಯ ಸಂಶೋಧನಾ ಯೋಜನೆಯೊಂದರಲ್ಲಿ ದುಡಿಯುತ್ತಿದ್ದಾನೆ. ರೋಗಿಯ ರಕ್ತನಾಳಕ್ಕೆ ಔಷಧವನ್ನು ಅಳತೆ ತಪ್ಪದಂತೆ ಸೇರಿಸುವ ಸಿರಿಂಜ್ ಪಂಪು ಅವರ ತಂಡದ ಕೆಲಸ. ತಂದೆಗೆ ಸಮಾಧಾನವಿಲ್ಲ. “ಮೇಷ್ಟ್ರೇ, ಇವ್ನು ಡಾಕ್ಟ್ರೂ ಅಲ್ಲ, ಸಾಫ್ಟ್‌ವೇರೂ ಅಲ್ಲ. ಮೂರು ವರ್ಷದಿಂದ ಒಂದೇ ಮಿಷನ್ ಮಾಡ್ತಾ ಕೂತವ್ನೆ. ನೀವಾದ್ರೂ ಬುದ್ಧಿ ಹೇಳಿ” ಎಂದರು.

ನಾನು ಹೇಳಲಿಲ್ಲ. ಏಕೆಂದರೆ ಆ ಹುಡುಗನ ವಿಷಯದಲ್ಲಿ ನನ್ನದೇ ಒಂದು ತಪ್ಪಿದೆ. ಹತ್ತನೆಯ ತರಗತಿಯಲ್ಲಿ ಓಮನ ನಿಯಮದ ಪ್ರಯೋಗ ಮಾಡುವಾಗ ಅವನ ನಕ್ಷೆಯ ಒಂದು ಬಿಂದು ಸರಳರೇಖೆಯಿಂದ ದೂರ ಉಳಿದಿತ್ತು. “ಅದನ್ನು ಅಳಿಸಿ ರೇಖೆಯ ಮೇಲೆ ಹಾಕು” ಎಂದು ನಾನೇ ಹೇಳಿದ್ದೆ. “ಮೀಟರು ತೋರಿಸಿದ್ದು ಇಷ್ಟೇ ಸಾರ್” ಎಂದವನನ್ನು ಗದರಿಸಿದ್ದೆ. ಅಂಕದ ಆಸೆಗೆ ಮೇಷ್ಟರೇ ಸುಳ್ಳು ಕಲಿಸಿದ ದಿನವದು.

ಈಗ ಅವನ ಕೆಲಸವೇ ಆ ರೇಖೆಗೆ ಸೇರದ ಬಿಂದುಗಳನ್ನು ಹುಡುಕುವುದು. ಪ್ರಯೋಗಾಲಯದಲ್ಲಿ ಒಂದು ಪಂಪು ಸರಿಯಾಗಿ ನಡೆದರೆ ಅದು ವಿದ್ಯೆ. ಕಾರ್ಖಾನೆಯಿಂದ ಹೊರಬರುವ ಸಾವಿರ ಪಂಪುಗಳೂ ಒಂದೇ ರೀತಿ ನಡೆದರೆ ಮಾತ್ರ ಅದು ಉಪಕರಣ. ಸಾವಿರದಲ್ಲಿ ಒಂದು ತಪ್ಪಿದರೂ ಅದರ ಕೊನೆಯಲ್ಲಿ ಒಬ್ಬ ರೋಗಿ ಮಲಗಿರುತ್ತಾನೆ. ೨೦೧೮ರ ಜನವರಿಯಿಂದ ಜಾರಿಯಾದ ವೈದ್ಯಕೀಯ ಉಪಕರಣಗಳ ನಿಯಮಾವಳಿ, ಅಪಾಯದ ಪ್ರಮಾಣಕ್ಕೆ ತಕ್ಕಂತೆ ಉಪಕರಣಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಿದೆ. ಅಪಾಯ ಹೆಚ್ಚಿದಷ್ಟೂ ಪರೀಕ್ಷೆ ಹೆಚ್ಚು, ಕಾಯುವುದೂ ಹೆಚ್ಚು.

ಈ ಕಾಯುವಿಕೆಯ ಫಲ ಏನೆಂಬುದಕ್ಕೆ ನೆರೆಯ ಕೇರಳದಲ್ಲಿ ಉದಾಹರಣೆಯಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ಕೃತಕ ಹೃದಯ ಕವಾಟ ಸಿದ್ಧವಾಯಿತು. ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಯಾದವರು ಇವರೇ. ಹೃದಯದ ಕವಾಟ ದಿನಕ್ಕೆ ಸುಮಾರು ಒಂದು ಲಕ್ಷ, ವರ್ಷಕ್ಕೆ ಮೂರೂಮುಕ್ಕಾಲು ಕೋಟಿ ಬಾರಿ ತೆರೆದು ಮುಚ್ಚಬೇಕು. ಅವರ ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದು ಗೆದ್ದು, ೧೯೯೦ರ ಡಿಸೆಂಬರಿನಲ್ಲಿ ಮೊದಲ ರೋಗಿಯ ಎದೆ ಸೇರಿತು. ಅಲ್ಲಿಂದೀಚೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಅದನ್ನು ಅಳವಡಿಸಲಾಗಿದೆ. ಇದಕ್ಕೆ ಹಿಡಿದದ್ದು ಒಂದು ದಶಕಕ್ಕೂ ಹೆಚ್ಚಿನ ಕಾಲ. ಮೂರನೆಯ ಸೋಲಿನ ನಂತರ ಆ ತಂಡದ ಎಳೆಯ ಎಂಜಿನಿಯರುಗಳನ್ನು ಮನೆಗೆ ಕಳುಹಿಸಿದ್ದರೆ?

ಇಂದು ಆಗುತ್ತಿರುವುದು ಹೆಚ್ಚುಕಡಿಮೆ ಅದೇ. ೨೦೨೩ರಲ್ಲಿ ಕೇಂದ್ರ ಸರ್ಕಾರ ಕಿರಿಯ ಸಂಶೋಧಕರ ಮಾಸಿಕ ಫೆಲೋಶಿಪ್ಪನ್ನು ೩೧ ಸಾವಿರದಿಂದ ೩೭ ಸಾವಿರ ರೂಪಾಯಿಗೆ ಏರಿಸಿತು, ಒಳ್ಳೆಯದೇ. ಆದರೆ ನನ್ನ ಶಿಷ್ಯನ ಹುದ್ದೆ ವರ್ಷ ವರ್ಷಕ್ಕೆ ನವೀಕರಣವಾಗಬೇಕು. ಯೋಜನೆಯ ಅವಧಿ ಮೂರು ವರ್ಷ, ಉಪಕರಣಕ್ಕೆ ಬೇಕಾದದ್ದು ಹತ್ತು ವರ್ಷ. ನಡುವೆ ಹುಡುಗರು ಬಿಟ್ಟು ಹೋದರೆ, ಯಾವ ಪ್ಲಾಸ್ಟಿಕ್ ಏಕೆ ಬಿರುಕು ಬಿಟ್ಟಿತು, ಯಾವ ಮೋಟಾರು ಏಕೆ ನಿಂತಿತು ಎಂಬ ಅನುಭವವೂ ಅವರೊಡನೆ ಹೋಗುತ್ತದೆ. ಪ್ರಬಂಧಗಳಲ್ಲಿ ಅಚ್ಚಾಗುವುದು ಗೆಲುವು ಮಾತ್ರ. ಆದ್ದರಿಂದ ಯೋಜನೆಗೆ ಹಣ ಕೊಡುವವರು ಉಪಕರಣ ಆಸ್ಪತ್ರೆ ತಲುಪುವವರೆಗಿನ ಅವಧಿಗೆ ಕೊಡಬೇಕು. ಸೋಲಿನ ದಾಖಲೆಯನ್ನೂ ಸಾಧನೆಯೆಂದು ಎಣಿಸಬೇಕು.

ನಮ್ಮ ಪಾಲೂ ಇದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಆಸ್ಪತ್ರೆಗಳಲ್ಲಿ ದಾದಿಯರಾಗಿ, ವೈದ್ಯರಾಗಿ ಇರುವ ನನ್ನ ಶಿಷ್ಯರೇ, ಇಂಥ ಹುಡುಗರು ಬಂದರೆ ಬಾಗಿಲು ತೆರೆಯಿರಿ. ಪಾವಗಡದ ಬಿಸಿಲು, ಧೂಳು, ಏರಿಳಿಯುವ ಕರೆಂಟು ಬೆಂಗಳೂರಿನ ಹವಾನಿಯಂತ್ರಿತ ಕೋಣೆಯಲ್ಲಿ ಸಿಗುವುದಿಲ್ಲ. ಯಾವ ಯಂತ್ರ ಎಲ್ಲಿ ಕೈಕೊಡುತ್ತದೆ ಎಂದು ಅವರಿಗೆ ಹೇಳಿ. ಬಂಧುಗಳೇ, ಮದುವೆ ಮನೆಯಲ್ಲಿ “ಇನ್ನೂ ಅದೇ ಕೆಲಸವಾ?” ಎಂದು ಕೇಳಿ ಅವರನ್ನು ನೋಯಿಸಬೇಡಿ.

ಹೊರಡುವಾಗ ಅವನಿಗೆ ಆ ನಕ್ಷೆಯ ಸಂಗತಿ ನೆನಪಿಸಿ, “ನಾನು ಹೇಳಿದ್ದು ತಪ್ಪಪ್ಪಾ” ಎಂದೆ. “ನನಗೂ ನೆನಪಿದೆ ಸಾರ್” ಎಂದು ನಕ್ಕ. ತಂದೆ ಏನೂ ಅರ್ಥವಾಗದೆ ನಮ್ಮಿಬ್ಬರ ಮುಖ ನೋಡಿದರು. ಅವರಿಗೆ ಕೇಳಿಕೊಂಡೆ: ಇನ್ನೂ ಎರಡು ವರ್ಷ ತಾಳ್ಮೆಯಿಂದಿರಿ. ಒಪ್ಪಿದರೋ ಇಲ್ಲವೋ ತಿಳಿಯದು. ಆದರೆ “ಆಗಲ್ಲ” ಎನ್ನಲಿಲ್ಲ.