ಹಂದಿಮರಿಗೆ ಮರ್ಯಾದೆ ಕಲಿಸಿದ ಮೇಷ್ಟ್ರು

ಡಿಕ್ ಕಿಂಗ್-ಸ್ಮಿತ್ ಬೇಸಾಯದಲ್ಲಿ ಗೆದ್ದವರಲ್ಲ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಸೀಮೆಯಲ್ಲಿ ಇಪ್ಪತ್ತು ವರ್ಷ ಹಸು ಕರೆದರು, ಹಂದಿ ಕೋಳಿ ಸಾಕಿದರು. ಜಮಾಖರ್ಚು ಮಾತ್ರ ಕೊನೆಯವರೆಗೂ ಕೈಗೆ ಹತ್ತಲಿಲ್ಲ. 1967ರಲ್ಲಿ ಬೇಸಾಯ ಬಿಟ್ಟಾಗ ಅವರಿಗೆ ನಲವತ್ತೈದು ವರ್ಷ. ಆಮೇಲೆ ಬೆಂಕಿ ಆರಿಸುವವರು ತೊಡುವ ಕಲ್ನಾರಿನ ಉಡುಪು ಮಾರಿದರು, ಬೂಟಿನ ಕಾರ್ಖಾನೆಯಲ್ಲಿ ದುಡಿದರು. ಐವತ್ತರ ಆಸುಪಾಸಿನಲ್ಲಿ ಶಿಕ್ಷಕರ ತರಬೇತಿಗೆ ಸೇರಿ, 1975ರಲ್ಲಿ ಬಾತ್ ನಗರದ ಹತ್ತಿರದ ಫಾರ್ಮ್‌ಬರೊ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾದರು. ಮಕ್ಕಳಿಗಾಗಿ ಬರೆದ ಮೊದಲ ಪುಸ್ತಕ ಹೊರಬಂದದ್ದು 1978ರಲ್ಲಿ, ಐವತ್ತಾರನೆಯ ವಯಸ್ಸಿಗೆ. 2011ರ ಜನವರಿಯಲ್ಲಿ ತೀರಿಕೊಳ್ಳುವ ಹೊತ್ತಿಗೆ ನೂರಕ್ಕೂ ಹೆಚ್ಚು ಪುಸ್ತಕಗಳು ಅವರ ಹೆಸರಿನಲ್ಲಿದ್ದವು.

ಇಂಥ ಬದುಕಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೊದಲ ಐವತ್ತೈದು ವರ್ಷಗಳನ್ನು ಎರಡು ವಾಕ್ಯದಲ್ಲಿ ಮುಗಿಸಿ ಪ್ರಶಸ್ತಿಗಳ ಕಡೆಗೆ ಹೊರಳುತ್ತಾರೆ. ಆದರೆ ಕಿಂಗ್-ಸ್ಮಿತ್ ಅವರ ವಿಷಯದಲ್ಲಿ ಆ ಐವತ್ತೈದು ವರ್ಷಗಳೇ ಮುಖ್ಯ. ಕೊಟ್ಟಿಗೆ ಅವರಿಗೆ ಹೇಳಬೇಕಾದ ಸಂಗತಿ ಕೊಟ್ಟಿತು, ಶಾಲೆ ಅದನ್ನು ಯಾರಿಗೆ ಹೇಗೆ ಹೇಳಬೇಕೆಂಬ ಹದ ಕೊಟ್ಟಿತು. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ನೂರು ಪುಸ್ತಕಗಳು ಹುಟ್ಟುತ್ತಿರಲಿಲ್ಲ. ಮಕ್ಕಳ ಪುಸ್ತಕ ಯಾರು ಬರೆಯಬೇಕು ಎಂಬ ಪ್ರಶ್ನೆ ಕನ್ನಡದಲ್ಲೂ ಆಗಾಗ ಏಳುವುದರಿಂದ ಈ ಇಂಗ್ಲಿಷ್ ರೈತ-ಮೇಷ್ಟ್ರ ಕಥೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಕಿಂಗ್-ಸ್ಮಿತ್ ಹುಟ್ಟಿದ್ದು 1922ರಲ್ಲಿ, ಬಿಟ್ಟನ್ ಎಂಬ ಊರಿನಲ್ಲಿ. ಮನೆತನದ್ದು ಕಾಗದದ ಗಿರಣಿ. ಎರಡನೇ ಮಹಾಯುದ್ಧದಲ್ಲಿ ಸೈನಿಕರಾಗಿ ಇಟಲಿಗೆ ಹೋಗಿ ಗ್ರೆನೇಡಿನಿಂದ ತೀವ್ರವಾಗಿ ಗಾಯಗೊಂಡು ಮರಳಿದರು. 1947ರಲ್ಲಿ ಬೇಸಾಯಕ್ಕಿಳಿದರು. ಆ ದಿನಗಳಲ್ಲಿ ನರಿಯೊಂದು ಅವರ ಕೋಳಿಗಳನ್ನು ಕೊಂದು ಹಾಕಿತ್ತು. ಕೋಳಿ ಸಾಕಿದವರಿಗೆಲ್ಲ ಈ ಸಂಕಟ ಗೊತ್ತು. ದುರ್ಬಲರು ಬಲಿಷ್ಠರಿಗೆ ತಿರುಗೇಟು ಕೊಟ್ಟರೆ ಹೇಗಿರುತ್ತದೆ ಎಂಬ ಯೋಚನೆ ಅವರಿಗೆ ಹೊಳೆದದ್ದು ಆಗಲೇ. ಹೊಳೆದದ್ದು ಹಾಗೆಯೇ ಉಳಿಯಿತು. ಸುಮಾರು ಇಪ್ಪತ್ತು ವರ್ಷ ಅದನ್ನು ಬರೆಯಲೇ ಇಲ್ಲ. ಮೇಷ್ಟ್ರಾದ ಮೇಲೆ, ಒಂದು ಬೇಸಿಗೆ ರಜೆಯಲ್ಲಿ ಕುಳಿತು ಬರೆದರು. ಅದೇ ‘ದಿ ಫಾಕ್ಸ್ ಬಸ್ಟರ್ಸ್’. ಅದರಲ್ಲಿ ಮೂರು ಕೋಳಿಮರಿಗಳು ಹಕ್ಕಿಗಳಂತೆ ಹಾರುವುದನ್ನು ಕಲಿತು, ಗಟ್ಟಿ ಮೊಟ್ಟೆಗಳನ್ನು ಬಾಂಬಿನಂತೆ ನರಿಗಳ ಮೇಲೆ ಬೀಳಿಸುತ್ತವೆ. ಆ ಕೋಳಿಗಳ ಹೆಸರು ರ‍್ಯಾನ್ಸಮ್, ಸಿಮ್ಸ್ ಮತ್ತು ಜೆಫ್ರೀಸ್. ಅದು ಇಂಗ್ಲೆಂಡಿನ ಪ್ರಸಿದ್ಧ ಕೃಷಿಯಂತ್ರ ಕಂಪನಿಯೊಂದರ ಹೆಸರು. ನೇಗಿಲಿನ ಮೇಲೆ, ಯಂತ್ರಗಳ ಮೇಲೆ ಅಚ್ಚಾಗಿರುವ ಅಕ್ಷರಗಳೇ ಆ ಹಟ್ಟಿಯ ಕೋಳಿಗಳಿಗೆ ನಾಮಕರಣ. ಅಂಗಳದಲ್ಲಿ ವರ್ಷಗಟ್ಟಲೆ ಆ ಯಂತ್ರಗಳ ನಡುವೆ ಓಡಾಡಿದವನಿಗಷ್ಟೇ ಹೊಳೆಯುವ ಸಂಗತಿ ಇದು.

ಸಾಕಿದವರ ಕಣ್ಣು ಬೇರೆ. ಅದು ಪ್ರಾಣಿಯನ್ನು ಮುದ್ದಿಸುತ್ತದೆ, ಅದೇ ಪ್ರಾಣಿ ಒಂದು ದಿನ ಮಾರಾಟಕ್ಕೋ ಕತ್ತಿಗೋ ಹೋಗುತ್ತದೆ ಎಂಬುದನ್ನೂ ಮರೆಯುವುದಿಲ್ಲ. 1980ರಲ್ಲಿ ಬಂದ ‘ಡ್ಯಾಗಿ ಡಾಗ್‌ಫುಟ್’ ಕಾದಂಬರಿಯ ನಾಯಕ ಹಂದಿಯ ಸೂಲಿನಲ್ಲಿ ಕಡೆಯದಾಗಿ ಹುಟ್ಟಿದ ಬಡಕಲು ಮರಿ. ಅಂಥ ಮರಿ ಉಳಿಯುವುದಿಲ್ಲವೆಂದು ಸಾಕುವವನೇ ಅದನ್ನು ತೆಗೆದುಕೊಂಡು ಹೋಗಿ ಕೊಲ್ಲುತ್ತಾನೆ ಎಂಬುದು ಪುಸ್ತಕದ ಶುರುವಿನಲ್ಲೇ ಮಕ್ಕಳಿಗೆ ತಿಳಿಯುತ್ತದೆ. ಕಿಂಗ್-ಸ್ಮಿತ್ ಅದನ್ನು ಮುಚ್ಚಿಡಲಿಲ್ಲ, ಅದರ ಮೇಲೆ ಕಣ್ಣೀರನ್ನೂ ಸುರಿಸಲಿಲ್ಲ. ಹಳ್ಳಿಯಲ್ಲಿ ಬೆಳೆದ ಮಗುವಿಗೆ ಈ ಸತ್ಯ ಮೊದಲೇ ಗೊತ್ತಿರುತ್ತದೆ. ಪೇಟೆಯ ಮಗುವಿಗೂ ತಿಳಿಸಬಹುದು ಎಂದು ಅವರು ನಂಬಿದರು. ಮಗುವಿನ ಮೇಲೆ ಇಡುವ ಈ ಬಗೆಯ ನಂಬಿಕೆ ಮಕ್ಕಳ ಸಾಹಿತ್ಯದಲ್ಲಿ ಅಪರೂಪ.

ಇನ್ನು ಶಾಲೆ. ಗಣಿತ ಅವರಿಗೆ ಒಲಿದ ವಿಷಯವಲ್ಲ. ಹಾಗಾಗಿ ದೊಡ್ಡ ಮಕ್ಕಳ ತರಗತಿಯಿಂದ ತೀರ ಪುಟ್ಟ ಮಕ್ಕಳ ತರಗತಿಗೆ ಬಂದರು. ಐದಾರು ವರ್ಷದ ಮಕ್ಕಳಿಗೆ ಕಥೆ ಹೇಳುವುದಕ್ಕಿಂತ ಕಠಿಣವಾದ ಪರೀಕ್ಷೆ ಲೇಖಕನಿಗಿಲ್ಲ. ದೊಡ್ಡವರು ಬೇಸರವಾದರೂ ಮರ್ಯಾದೆಗೆ ಕೂತಿರುತ್ತಾರೆ, ಈ ವಯಸ್ಸಿನವರು ಪಕ್ಕದವನ ಪೆನ್ಸಿಲ್ ಎಳೆಯಲು ಶುರು ಮಾಡುತ್ತಾರೆ. ಎಲ್ಲಿ ವಾಕ್ಯ ಉದ್ದವಾಯಿತು, ಎಲ್ಲಿ ವರ್ಣನೆ ಹೆಚ್ಚಾಯಿತು, ಎಲ್ಲಿ ನಗು ಬರಬೇಕಿತ್ತು ಎಂಬುದು ಆ ಕ್ಷಣವೇ ಗೊತ್ತಾಗುತ್ತದೆ. ಕಿಂಗ್-ಸ್ಮಿತ್ ಅವರ ಗದ್ಯದಲ್ಲಿ ಸಂಭಾಷಣೆ ಜಾಸ್ತಿ, ಅಧ್ಯಾಯಗಳು ಪುಟ್ಟವು, ಕಥೆ ತಡಮಾಡದೆ ಶುರುವಾಗುತ್ತದೆ. 1988ರಿಂದ ಬಂದ ಅವರ ಸೋಫಿ ಸರಣಿಯ ಹುಡುಗಿಗೆ ಮೊದಲ ಪುಸ್ತಕದಲ್ಲಿ ನಾಲ್ಕು ವರ್ಷ. ದೊಡ್ಡವಳಾಗಿ ರೈತಳಾಗಬೇಕೆಂದು ಹಠ ಹಿಡಿದು ಕಾಸು ಕೂಡಿಸುತ್ತಾಳೆ, ಅಲ್ಲಿಯವರೆಗೆ ಬಸವನಹುಳುವನ್ನೂ ಚಿಕ್ಕಪುಟ್ಟ ಹುಳುಗಳನ್ನೂ ಜಾನುವಾರುಗಳಂತೆ ಸಾಕುತ್ತಾಳೆ. ಕೊಟ್ಟಿಗೆ ಮತ್ತು ಪುಟ್ಟ ಮಕ್ಕಳ ತರಗತಿ, ಎರಡನ್ನೂ ಬಲ್ಲವರಿಂದ ಮಾತ್ರ ಅಂಥ ಹುಡುಗಿ ಹುಟ್ಟಲು ಸಾಧ್ಯ.

ಎರಡು ಬದುಕೂ ಪೂರ್ತಿಯಾಗಿ ಬೆರೆತದ್ದು 1983ರ ‘ದಿ ಶೀಪ್-ಪಿಗ್’ನಲ್ಲಿ. ಹಳ್ಳಿಯ ಜಾತ್ರೆಯಂಥ ಸಂತೋಷಕೂಟವೊಂದರಲ್ಲಿ ಹಂದಿಮರಿಯ ತೂಕ ಊಹಿಸುವ ಸ್ಪರ್ಧೆ ನಡೆಯುತ್ತಿತ್ತು. ಗೆದ್ದವರಿಗೆ ಮರಿ, ಮರಿಯ ಗತಿ ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗದೆ ಈ ಮರಿ ಇನ್ನೇನಾದರೂ ಆದರೆ ಎಂಬ ಪ್ರಶ್ನೆಯಿಂದ ಕಥೆ ಬೆಳೆಯಿತು. ಕಾದಂಬರಿಯಲ್ಲಿ ಹಾಗೆಟ್ ಎಂಬ ಮಿತಭಾಷಿ ರೈತ ಮರಿಯನ್ನು ಗೆಲ್ಲುತ್ತಾನೆ. ಫ್ಲೈ ಎಂಬ ಕುರಿಕಾಯುವ ನಾಯಿ ಅದನ್ನು ತನ್ನ ಮರಿಗಳೊಂದಿಗೆ ಬೆಳೆಸುತ್ತದೆ. ಬೇಬ್ ಎಂಬ ಆ ಹಂದಿಗೂ ಕುರಿ ಕಾಯುವ ಆಸೆ.

ಕುರಿಕಾಯುವ ನಾಯಿ ಕೆಲಸ ಮಾಡುವುದು ಹೆದರಿಕೆಯ ಬಲದಿಂದ. ಮೈ ತಗ್ಗಿಸಿ, ಕಣ್ಣು ನೆಟ್ಟು, ತೋಳ ಬೇಟೆಗೆ ಹೊಂಚುವಂತೆ ಹೆಜ್ಜೆಯಿಡುತ್ತದೆ. ಕುರಿಗಳು ಆ ನೋಟಕ್ಕೆ ಬೆದರಿ ಸರಿಯುತ್ತವೆ. ಕಿಂಗ್-ಸ್ಮಿತ್ ಇದನ್ನು ಚೆನ್ನಾಗಿ ಬಲ್ಲರು. ಬೇಬ್‌ಗೆ ಆ ನೋಟವೂ ಇಲ್ಲ, ಆ ವೇಗವೂ ಇಲ್ಲ. ಆದ್ದರಿಂದ ಅವನು ಕುರಿಗಳನ್ನು ದಯವಿಟ್ಟು ಎಂದು ಕೇಳುತ್ತಾನೆ. ಕುರಿಗಳು ಸಾಲಾಗಿ ನಡೆಯುತ್ತವೆ. ಇಷ್ಟು ಕಾಲ ಅವುಗಳನ್ನು ಯಾರೂ ಕೇಳಿರಲಿಲ್ಲ, ಅಷ್ಟೆ. ಕಥೆಯ ಈ ತಿರುವು ಹುಟ್ಟಿದ್ದು ಹುಲ್ಲುಗಾವಲಿನಲ್ಲಿ ಎನ್ನುವುದಕ್ಕಿಂತ ತರಗತಿಯಲ್ಲಿ ಎನ್ನುವುದೇ ಹೆಚ್ಚು ಸರಿ. ಮೂವತ್ತು ಮಕ್ಕಳ ಎದುರು ಒಂದು ವಾರ ನಿಂತ ಯಾವ ಶಿಕ್ಷಕನಾದರೂ ಇದನ್ನು ಗುರುತಿಸುತ್ತಾನೆ: ಗದರಿಸಿ ಕೂರಿಸಿದ ಮಕ್ಕಳು ಮೇಷ್ಟ್ರು ಬೆನ್ನು ತಿರುಗಿಸುವವರೆಗೆ ಮಾತ್ರ ಕೂರುತ್ತಾರೆ.

ಹಾಗೆಂದು ಅದು ಸಕ್ಕರೆಯ ಕಥೆಯೂ ಅಲ್ಲ. ಬೇಬ್‌ನ ಗೆಳತಿಯಾದ ಮುದಿ ಕುರಿಯನ್ನು ಪುಂಡ ನಾಯಿಗಳು ಕೊಲ್ಲುತ್ತವೆ. ಬೇಬ್‌ನ ಮೂತಿಯಲ್ಲಿ ರಕ್ತ ಕಂಡ ಹಾಗೆಟ್ ಅವನೇ ಕೊಂದನೆಂದು ತಿಳಿದು ಬಂದೂಕು ಎತ್ತಿಕೊಳ್ಳುತ್ತಾನೆ. ಆ ಪುಟಗಳನ್ನು ಬರೆದದ್ದು ರೈತರಾಗಿದ್ದವರು. ಪುಸ್ತಕಕ್ಕೆ 1984ರಲ್ಲಿ ಗಾರ್ಡಿಯನ್ ಮಕ್ಕಳ ಸಾಹಿತ್ಯ ಬಹುಮಾನ ಬಂತು. 1995ರಲ್ಲಿ ಆಸ್ಟ್ರೇಲಿಯಾದಲ್ಲಿ ತಯಾರಾದ ‘ಬೇಬ್’ ಚಲನಚಿತ್ರ ಏಳು ಆಸ್ಕರ್ ನಾಮನಿರ್ದೇಶನ ಪಡೆದು ಒಂದನ್ನು ಗೆದ್ದಿತು. ಕಿಂಗ್-ಸ್ಮಿತ್ ಅಷ್ಟರಲ್ಲಿ ಶಾಲೆ ಬಿಟ್ಟು ಹದಿಮೂರು ವರ್ಷವಾಗಿತ್ತು, ವಾಸ ಮಾತ್ರ ಹುಟ್ಟಿದೂರಿನಿಂದ ಕೆಲವೇ ಮೈಲಿ ದೂರದ ಹಳ್ಳಿಯಲ್ಲಿ.

ಅವರೊಬ್ಬರದೇ ಉದಾಹರಣೆಯಲ್ಲ. ‘ವಾರ್ ಹಾರ್ಸ್’ ಬರೆದ ಮೈಕೆಲ್ ಮೊರ್ಪುರ್ಗೊ ಕೆಂಟ್ ಪ್ರಾಂತ್ಯದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದವರು. ತರಗತಿಯಲ್ಲಿ ಓದುತ್ತಿದ್ದ ಪುಸ್ತಕ ಮಕ್ಕಳಿಗೆ ರುಚಿಸದಾದಾಗ ತಮ್ಮದೇ ಕಥೆ ಕಟ್ಟಿ ಹೇಳತೊಡಗಿದರು. 1976ರಲ್ಲಿ ಪತ್ನಿ ಕ್ಲೇರ್ ಜೊತೆ ಡೆವನ್‌ನ ಇಡೆಸ್ಲೀ ಎಂಬ ಹಳ್ಳಿಯಲ್ಲಿ ನಗರದ ಮಕ್ಕಳಿಗಾಗಿ ಒಂದು ಹೊಲಮನೆ ತೆರೆದರು. ದೊಡ್ಡ ಊರುಗಳ ಶಾಲಾಮಕ್ಕಳು ತಮ್ಮ ಶಿಕ್ಷಕರೊಂದಿಗೆ ಬಂದು ಒಂದು ವಾರ ಅಲ್ಲಿದ್ದು, ಹಂದಿಗೆ ಮೇವು ಹಾಕಿ, ಮೊಟ್ಟೆ ಆಯ್ದು, ಕೊಟ್ಟಿಗೆ ಗುಡಿಸುತ್ತಾರೆ. ಆಟದ ಕೆಲಸವಲ್ಲ, ನಿಜವಾದ ಕೆಲಸ. ಹೀಗೆ ಬಂದ ಮಕ್ಕಳ ಸಂಖ್ಯೆ ಒಂದು ಲಕ್ಷ ದಾಟಿದೆ. ಹಾಗೆ ಬಂದಿದ್ದ ಹುಡುಗನೊಬ್ಬನಿಗೆ ಉಗ್ಗು. ಶಾಲೆಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಒಂದು ಸಂಜೆ ಅವನು ಲಾಯದ ಬಾಗಿಲಲ್ಲಿ ನಿಂತು ಕುದುರೆಯೊಂದಿಗೆ ನಿರರ್ಗಳವಾಗಿ ಮಾತಾಡುತ್ತಿದ್ದುದನ್ನು ಮೊರ್ಪುರ್ಗೊ ಕಂಡರು. ಕುದುರೆ ಅಲುಗಾಡದೆ ಕೇಳುತ್ತಿತ್ತು. ಯುದ್ಧದ ಕಥೆಯನ್ನು ಕುದುರೆಯ ಬಾಯಲ್ಲೇ ಹೇಳಿಸಬಹುದು ಎಂಬ ಧೈರ್ಯ ತಮಗೆ ಬಂದದ್ದು ಅಲ್ಲಿಂದ ಎಂದು ಅವರು ಹಲವು ಬಾರಿ ಹೇಳಿಕೊಂಡಿದ್ದಾರೆ. 1982ರಲ್ಲಿ ‘ವಾರ್ ಹಾರ್ಸ್’ ಬಂತು.

ಇದನ್ನೆಲ್ಲ ಓದಿದಾಗ ಕರ್ನಾಟಕದ ಹಳ್ಳಿಶಾಲೆಗಳು ನೆನಪಾಗದೇ ಇರುವುದಿಲ್ಲ. ಬೆಳಗ್ಗೆ ಎಮ್ಮೆ ಕರೆದು, ಡೇರಿಗೆ ಹಾಲು ಹಾಕಿ, ಆಮೇಲೆ ಶಾಲೆಯ ಗಂಟೆಗೆ ಓಡುವ ಮೇಷ್ಟ್ರುಗಳು, ಟೀಚರುಗಳು ಇಲ್ಲಿ ಊರೂರಿಗೂ ಇದ್ದಾರೆ. ಕಿಂಗ್-ಸ್ಮಿತ್ ಬೇಸಾಯ ಬಿಟ್ಟ ಮೇಲೆ ಶಿಕ್ಷಕರಾದರು. ಇವರು ಎರಡನ್ನೂ ಒಟ್ಟಿಗೇ ಬದುಕುತ್ತಿದ್ದಾರೆ. ಶಿಕ್ಷಕರು ಮಕ್ಕಳಿಗಾಗಿ ಬರೆಯುವುದು ಕನ್ನಡಕ್ಕೆ ಹೊಸದೂ ಅಲ್ಲ. ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಮಕ್ಕಳನ್ನು ಹತ್ತಿರದಿಂದ ಕಂಡವರು. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು ಪುಟ್ಟ ಮಕ್ಕಳಿಗೆ ಪಾಠ ಹೇಳುವ ಕೆಲಸದಿಂದಲೇ ಹುಟ್ಟಿದವು. ಇತ್ತೀಚೆಗೆ ಉತ್ತರ ಕನ್ನಡದ ಸಿದ್ದಾಪುರದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ 2022ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅವರೂ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರೇ.

ಹಾಗಿದ್ದರೂ ಕನ್ನಡದ ಬಹಳಷ್ಟು ಮಕ್ಕಳ ಕಥೆಗಳಲ್ಲಿ ಪ್ರಾಣಿಗಳು ಇನ್ನೂ ನೀತಿ ಹೇಳಲು ನಿಂತ ಆಳುಗಳು. ನರಿ ಎಂದರೆ ಮೋಸ, ಕತ್ತೆ ಎಂದರೆ ಪೆದ್ದು, ಆಮೆ ಎಂದರೆ ತಾಳ್ಮೆ. ಕತ್ತೆ ಏನು ತಿನ್ನುತ್ತದೆ, ಯಾರ ದನಿಗೆ ಕಿವಿ ನಿಮಿರಿಸುತ್ತದೆ, ಮಳೆ ಬಂದರೆ ಎಲ್ಲಿ ನಿಲ್ಲುತ್ತದೆ ಎಂಬುದು ಆ ಕಥೆಗಳಿಗೆ ಬೇಕಿಲ್ಲ. ಆದರೆ ಶಿರಾದ ಕಡೆಯ ಕುರಿಗಾಹಿ ಮನೆಯ ಮಗುವಿಗೆ ಮಂದೆಯಲ್ಲಿ ಯಾವ ಕುರಿ ಮುಂದೆ ನಡೆಯುತ್ತದೆ, ಯಾವುದು ಪದೇ ಪದೇ ಹಿಂದೆ ಬೀಳುತ್ತದೆ ಎಂದು ಗೊತ್ತು. ಮಲೆನಾಡಿನ ಮಗುವಿಗೆ ಹಟ್ಟಿಗೆ ಹಿಂದಿರುಗದ ದನ ಹುಡುಕುವ ಸಂಜೆಯ ಭಯ ಗೊತ್ತು. ತಾನು ಬಲ್ಲ ಈ ಲೋಕ ಪುಸ್ತಕದಲ್ಲಿ ಇಲ್ಲವೆಂದರೆ, ಪುಸ್ತಕ ತನ್ನಂಥವರಿಗಲ್ಲ ಎಂದು ಆ ಮಗು ತೀರ್ಮಾನಿಸಿದರೆ ತಪ್ಪು ಮಗುವಿನದಲ್ಲ.

ಬಲ್ಲವರು ಬರೆಯುತ್ತಿಲ್ಲ ಏಕೆ? ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ದಿನಕ್ಕೊಂದು ಮಾಹಿತಿ ತುಂಬುವ ಕೆಲಸದ ನಡುವೆ ಶಿಕ್ಷಕರಿಗೆ ಉಸಿರಾಡಲು ಬಿಡುವಿಲ್ಲ ಎಂಬುದು ನಿಜ. ಅದಕ್ಕಿಂತ ದೊಡ್ಡ ಕಾರಣವೆಂದರೆ ಅವರನ್ನು ಯಾರೂ ಕೇಳಿಲ್ಲ. ಕೇಳಿದಾಗಲೂ ನೀತಿಕಥೆ ಕೇಳುತ್ತಾರೆ, ರಾಷ್ಟ್ರೀಯ ಹಬ್ಬಕ್ಕೆ ಪದ್ಯ ಕೇಳುತ್ತಾರೆ. ನಿಮ್ಮ ಕೊಟ್ಟಿಗೆಯ ಎಮ್ಮೆಯ ಬಗ್ಗೆ, ನಿಮ್ಮ ಮೂರನೇ ತರಗತಿ ಮಕ್ಕಳು ಕೇಳಿ ನಗುವಂತೆ ಬರೆಯಿರಿ ಎಂದು ಕೇಳುವವರು ಬೇಕು. ಧಾರವಾಡದಲ್ಲಿರುವ ಬಾಲವಿಕಾಸ ಅಕಾಡೆಮಿ ಇದನ್ನು ಮಾಡಬಹುದು, ಪ್ರಕಾಶಕರು ಮಾಡಬಹುದು, ಪತ್ರಿಕೆಗಳ ಮಕ್ಕಳ ಪುಟಗಳು ಮಾಡಬಹುದು. ಕಿಂಗ್-ಸ್ಮಿತ್ ಅವರಿಗೆ ಒಂದು ರಜೆ ಸಾಕಾಯಿತು. ಇಲ್ಲಿಯೂ ಏಪ್ರಿಲ್, ಮೇ ತಿಂಗಳುಗಳಿವೆ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಬರೆದವರು ಕರಡನ್ನು ತಮ್ಮ ತರಗತಿಗೇ ಓದಿ ಹೇಳಲಿ. ಮಕ್ಕಳು ಎಲ್ಲಿ ಮಿಸುಕಾಡಿದರು, ಎಲ್ಲಿ ‘ಆಮೇಲೆ?’ ಎಂದರು ಎಂದು ಅಂಚಿನಲ್ಲಿ ಗುರುತು ಹಾಕಿ, ಆ ಗುರುತುಗಳ ಸಮೇತವೇ ಸಂಪಾದಕರಿಗೆ ಕಳಿಸಲಿ.